ಎಡಗಡೆಯ ಕನ್ನಡಿ

(ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ)

ನಮ್ಮ ಅಬ್ಬಾ ಕಾರಿನ ಎರಡು ಬದಿಯ ಕನ್ನಡಿಗಳಿಗೆ ಗಾಡಿಯ ಕಿವಿ ಎನ್ನುತ್ತಾರೆ. "ಬಲಗಿವಿ ಸ್ವಲ್ಪ ಒರೆಸು ಬೇಟಾ", "ಎಡಗಿವಿ ಮೇಲೆ ಕಾಗೆ ಕೂತು ಗಲೀಜು ಮಾಡಿದೆ ನೋಡು" ಎಂದು ಬೆಳಿಗ್ಗೆ ಬೆಳಿಗ್ಗೆ ಹೇಳುತ್ತಾರೆ. ಮುಂದೆ ನಿಂತು ನೋಡಿದರೆ ಅವು ಕಿವಿಯ ಹಾಗೆಯೇ ಕಾಣುತ್ತವೆ, ಅದಕ್ಕೆ ಹಾಗೆ ಕರೆಯುತ್ತಾರೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಕಳೆದ ನವೆಂಬರ್‌ನಲ್ಲಿ ಎಡಗಡೆಯದು ಮುರಿದು ಗಾಡಿ ಒಂಬತ್ತು ದಿನ ಮನೆ ಮುಂದೆ ನಿಂತಾಗ ಆ ಮಾತಿಗೆ ಬೇರೆ ಅರ್ಥವೂ ಇದೆ ಎಂದು ಗೊತ್ತಾಯಿತು.

ನಮ್ಮೂರು ಸವಳಂಗ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವವರೆಲ್ಲ ನಮ್ಮೂರ ಕೆರೆಯನ್ನು ನೋಡಿಯೇ ಇರುತ್ತಾರೆ. ಮಳೆ ಚೆನ್ನಾಗಿ ಆದ ವರ್ಷ ಬೈಕ್ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಶಿವಮೊಗ್ಗ ಇಲ್ಲಿಂದ 25 ಕಿ.ಮೀ. ಆಸುಪಾಸು. ಆದರೆ ನಮ್ಮ ಜಿಲ್ಲೆ ದಾವಣಗೆರೆ. 1997ರಲ್ಲಿ ಹೊಸ ಜಿಲ್ಲೆಯಾದಾಗ ಹೊನ್ನಾಳಿ ತಾಲ್ಲೂಕಿನ ಜೊತೆ ನಾವೂ ಆ ಕಡೆಗೆ ಹೋದೆವು, ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದ್ದೇವೆ. ಹಾಗಾಗಿ ಆಸ್ಪತ್ರೆ, ಬಟ್ಟೆ, ಕಾಲೇಜು, ಮದುವೆ ಎಲ್ಲದಕ್ಕೂ ಶಿವಮೊಗ್ಗ. ಗಾಡಿಯ ಕಾಗದಪತ್ರಕ್ಕೆ ಮಾತ್ರ ದಾವಣಗೆರೆ. ಅಬ್ಬಾನ ಗಾಡಿಯ ಮೇಲೆ ಕೆಎ 17 ಎಂದಿದೆ. ಅದು ದಿನವೂ ಓಡುವುದು ಕೆಎ 14ರ ಊರಿಗೆ.

ಗಾಡಿ ಎಂದರೆ ಹಳದಿ ಬೋರ್ಡಿನ ಬಿಳಿ ಇಂಡಿಕಾ. ಎರಡನೆಯವರಿಂದ ಕೊಂಡದ್ದು. ಇಂಡಿಕಾ ಬಂದದ್ದು 1998ರ ಕೊನೆಯಲ್ಲಿ, ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲು. ನಮ್ಮ ದೇಶದಲ್ಲೇ ಪೂರ್ತಿ ವಿನ್ಯಾಸ ಮಾಡಿದ ಕಾರು ಎಂದು ಆಗ ಬಹಳ ಹೆಸರಾಗಿತ್ತಂತೆ. ಡೀಸೆಲ್‌ನಲ್ಲಿ ಓಡುತ್ತಿದ್ದುದರಿಂದ ಬಾಡಿಗೆಯವರು ಅದನ್ನೇ ಹೆಚ್ಚಾಗಿ ಕೊಂಡರು. 2018ರಲ್ಲಿ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತು. ಗಾಡಿ ಓಡುತ್ತಿರುವ ತನಕ ಇದರಿಂದ ಯಾರಿಗೂ ತೊಂದರೆಯಿಲ್ಲ. ಏನಾದರೂ ಮುರಿದಾಗ ಗೊತ್ತಾಗುತ್ತದೆ.

ಮುರಿದದ್ದು ಒಂದು ಶುಕ್ರವಾರ ಸಂಜೆ. ಅದು ಮೆಕ್ಕೆಜೋಳದ ಕಾಲ. ನಮ್ಮ ಕಡೆ ಅಕ್ಟೋಬರ್, ನವೆಂಬರ್‌ನಲ್ಲಿ ಅರ್ಧ ರಸ್ತೆ ರಸ್ತೆಯಾಗಿರುವುದಿಲ್ಲ, ಕಣವಾಗಿರುತ್ತದೆ. ಜೋಳವನ್ನು ಹರಡಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಪತ್ರಿಕೆಯಲ್ಲಿ ಪ್ರತಿ ವರ್ಷ ಇದರ ಬಗ್ಗೆ ಬರೆಯುತ್ತಾರೆ, ಪೊಲೀಸರು ಬಂದು ಹೇಳಿ ಹೋಗುತ್ತಾರೆ. ಆದರೆ ತೇವಾಂಶ ಹೆಚ್ಚಿದ್ದರೆ ಮಂಡಿಯಲ್ಲಿ ಬೆಲೆ ಇಳಿಸುತ್ತಾರೆ, ಮನೆ ಮುಂದೆ ಕಣ ಮಾಡುವಷ್ಟು ಜಾಗ ಈಗ ಎಲ್ಲರಿಗೂ ಉಳಿದಿಲ್ಲ, ಡಾಂಬರಿನ ಮೇಲೆ ಬೇಗ ಒಣಗುತ್ತದೆ. ರೈತರು ಏನು ಮಾಡಬೇಕು? ಅಬ್ಬಾ ಬಾಡಿಗೆ ಮುಗಿಸಿ ಬರುತ್ತಿದ್ದಾಗ ರಸ್ತೆಯ ಬಲಭಾಗದಲ್ಲಿ ಜೋಳ ಹರಡಿತ್ತು. ಎದುರಿನಿಂದ ಬಂದ ಲಾರಿ ಜೋಳ ತಪ್ಪಿಸಲು ಇವರ ಪಕ್ಕಕ್ಕೇ ಬಂತು. ಇವರು ಎಡಕ್ಕೆ ಸರಿದರು. ಎಡಗಡೆ ಚೀಲ ತುಂಬಿಸಲು ಒಂದು ಟ್ರ್ಯಾಕ್ಟರ್ ಟ್ರೈಲರ್ ನಿಂತಿತ್ತು. ಅದರ ಕಬ್ಬಿಣದ ಕೊಂಡಿ ಕನ್ನಡಿಯನ್ನು ಬುಡದಿಂದ ಕಿತ್ತು ಹಾಕಿತು.

ಟ್ರ್ಯಾಕ್ಟರಿನ ಯಜಮಾನರು ಓಡಿ ಬಂದರಂತೆ. "ಸಾಬ್ರೇ, ಏನ್ ಮಾಡಣ ಹೇಳ್ರಿ, ಇನ್ನೂರು ಮುನ್ನೂರು ಕೊಡ್ಲಾ?" ಎಂದರಂತೆ. ಅಬ್ಬಾ ತೆಗೆದುಕೊಳ್ಳಲಿಲ್ಲ. ಅವರ ಹೆಂಡತಿ ಒಂದು ಚೀಲದಲ್ಲಿ ಹತ್ತು ಹನ್ನೆರಡು ತೆನೆ ಹಾಕಿ ಸೀಟಿನ ಮೇಲೆ ಇಟ್ಟುಬಿಟ್ಟರು. ಅಬ್ಬಾ ಮನೆಗೆ ಬಂದಾಗ ಒಂದು ಕೈಯಲ್ಲಿ ಆ ಚೀಲ, ಇನ್ನೊಂದು ಕೈಯಲ್ಲಿ ಕನ್ನಡಿಯ ಒಡೆದ ಚಿಪ್ಪು ಹಿಡಿದಿದ್ದರು.

ಇದರಲ್ಲಿ ಅಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಅಮ್ಮಿಗೂ ಹಾಗೆಯೇ ಅನ್ನಿಸಿತು. ಸವಳಂಗದ ಸರ್ಕಲ್ಲಿನಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಎಡಗಡೆ ಕನ್ನಡಿ ಇಲ್ಲದ ಗಾಡಿಗಳು ಎಷ್ಟೋ ಹೋಗುತ್ತವೆ. ಕನ್ನಡಿ ಇದ್ದರೂ ಒಳಕ್ಕೆ ಮಡಚಿಕೊಂಡು ಓಡಿಸುವವರಿದ್ದಾರೆ. ಬೈಕಿನವರಂತೂ ಹೊಸ ಗಾಡಿ ತಂದ ದಿನವೇ ಕನ್ನಡಿ ಬಿಚ್ಚಿ ಮನೆಯಲ್ಲಿಡುತ್ತಾರೆ, ಸ್ಟೈಲ್ ಕೆಡುತ್ತದಂತೆ. ಹಿಂದೆ ಬರುತ್ತಿದ್ದ ಎಷ್ಟೋ ಕಾರುಗಳಿಗೆ ಕಂಪನಿಯಿಂದಲೇ ಎಡಗಡೆ ಕನ್ನಡಿ ಇರುತ್ತಿರಲಿಲ್ಲ, ಡ್ರೈವರ್ ಪಕ್ಕದ್ದೊಂದೇ ಇರುತ್ತಿತ್ತು. ಹಾಗಿರುವಾಗ ಅಬ್ಬಾ ಮಾತ್ರ ಕೀಲಿಯನ್ನು ಮೊಳೆಗೆ ತೂಗುಹಾಕಿ, "ಕನ್ನಡಿ ಸಿಗೋ ತನಕ ಗಾಡಿ ತೆಗೆಯಲ್ಲ" ಎಂದುಬಿಟ್ಟರು.

ಗಾಡಿ ನಿಂತರೆ ನಮ್ಮ ಮನೆಯಲ್ಲಿ ಏನೇನು ನಿಲ್ಲುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಬಾಡಿಗೆ ಕಡಿಮೆಯಾಗಿದೆ. ನಾನು ಅದೇ ಯೋಜನೆಯಲ್ಲಿ ಸರ್ಕಾರಿ ಬಸ್ಸು ಸಿಕ್ಕ ದಿನ ಪುಕ್ಕಟೆ ಕಾಲೇಜಿಗೆ ಬರುವವಳು, ಆದ್ದರಿಂದ ದೂರಲು ನನಗೆ ಬಾಯಿಲ್ಲ. ಈಗ ಅಬ್ಬಾನಿಗೆ ಖಾಯಂ ಇರುವ ಬಾಡಿಗೆ ಒಂದೇ. ಹತ್ತಿರದ ತಾಂಡಾದ ಒಬ್ಬ ಅಜ್ಜಿಯನ್ನು ಸೋಮವಾರ ಮತ್ತು ಗುರುವಾರ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ಬರುವುದು. ಅಜ್ಜಿಯ ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ, ತಿಂಗಳಿಗೊಮ್ಮೆ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಡಯಾಲಿಸಿಸ್ ತಪ್ಪಿಸುವ ಹಾಗಿಲ್ಲ. ಅಬ್ಬಾ ತಮ್ಮ ಪರಿಚಯದ ಇನ್ನೊಬ್ಬ ಡ್ರೈವರ್‌ಗೆ ಹೇಳಿ ಆ ಸೋಮವಾರ ಮತ್ತು ಗುರುವಾರಕ್ಕೆ ಏರ್ಪಾಟು ಮಾಡಿದರು. ಅಮ್ಮಿಗೆ ಸಿಟ್ಟು ಬಂದದ್ದೇ ಅದಕ್ಕೆ. "ಎರಡು ಸಲ ಅವನ ಗಾಡಿಯಲ್ಲಿ ಕೂತರೆ ಮೂರನೇ ಸಲ ಅಜ್ಜಿ ಅವನಿಗೇ ಫೋನ್ ಮಾಡುತ್ತಾಳೆ, ಅವನ ಗಾಡಿಗೆ ಎಸಿ ಇದೆ" ಎಂದರು. ಒಳಗಿನ ಕನ್ನಡಿ ಇದೆ, ಬಲಗಡೆಯದೂ ಇದೆ, ಎಡಗಡೆಗೆ ಕತ್ತು ತಿರುಗಿಸಿ ನೋಡಿದರಾಯಿತು ಎಂದು ವಾದಿಸಿದರು. ಅಬ್ಬಾ ಉತ್ತರ ಕೊಡಲಿಲ್ಲ. ಕೊನೆಗೆ ಅಮ್ಮಿಯೇ ದನಿ ತಗ್ಗಿಸಿ, "ಮಗಳ ಮುಂದೆ ಹೇಳೋಕೆ ಏನು? ಎಡಗಿವಿ ಕೇಳಲ್ಲ ಅಂತ ಹೇಳಿ" ಎಂದರು.

ಆಗ ನನಗೆ ಒಂದೊಂದೇ ನೆನಪಾಯಿತು. ಅಬ್ಬಾ ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಾರೆ. ಊಟಕ್ಕೆ ಕೂತಾಗ ಗೋಡೆಯನ್ನು ಎಡಕ್ಕೆ ಮಾಡಿಕೊಂಡು ಕೂರುತ್ತಾರೆ. "ಅಜಾನ್ ಆಯ್ತಾ?" ಎಂದು ಒಂದೆರಡು ವರ್ಷದಿಂದ ಕೇಳುತ್ತಿದ್ದಾರೆ. ಮಸೀದಿ ನಮ್ಮ ಬೀದಿಯ ಕೊನೆಯಲ್ಲೇ ಇದೆ. ಗಾಡಿಯಲ್ಲಿ ಹಾಡು ಹಾಕುವುದಿಲ್ಲ, ಎಸಿ ಕೆಟ್ಟು ವರ್ಷವಾದರೂ ರಿಪೇರಿ ಮಾಡಿಸಿಲ್ಲ. ಅದು ಜಿಪುಣತನ ಎಂದು ನಾವು ಮಕ್ಕಳು ನಗುತ್ತಿದ್ದೆವು. ಕಿಟಕಿ ಇಳಿಸಿರಬೇಕು, ಹೊರಗಿನ ಸದ್ದು ಬಲಗಿವಿಗಾದರೂ ಬೀಳಬೇಕು ಎಂಬುದು ಅವರ ಲೆಕ್ಕ.

ಡ್ರೈವರ್ ಕೂರುವುದು ಬಲಗಡೆ. ಎಡಗಡೆಯಿಂದ ನುಗ್ಗಿ ಬರುವ ಬೈಕುಗಳು ಹಾರ್ನ್ ಮಾಡಿದರೂ ಅವರಿಗೆ ಸರಿಯಾಗಿ ಕೇಳುವುದಿಲ್ಲ. ಅಜ್ಜಿ ಇಳಿಯುವುದೂ ಎಡಗಡೆಯ ಬಾಗಿಲಿನಿಂದಲೇ. ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಿದಾಗ ಫುಟ್‌ಪಾತಿಗೂ ಕಾರಿಗೂ ನಡುವಿನ ಸಂದಿಯಲ್ಲಿ ಬೈಕುಗಳು ನುಸುಳುತ್ತವೆ. ಅಜ್ಜಿ ಬಾಗಿಲು ತೆಗೆಯುವ ಮೊದಲು ಅಬ್ಬಾ ಎಡಗನ್ನಡಿ ನೋಡಿ "ಈಗ ಇಳೀರಿ" ಎನ್ನಬೇಕು. ಕನ್ನಡಿ ಇಲ್ಲದೆ ಏನೆಂದು ಹೇಳುವುದು?

ಇದನ್ನು ಕಾಲೇಜಿನ ಪತ್ರಿಕೆಗೆ ಬರೆಯಲೇ ಎಂದು ನಾನು ಅಬ್ಬಾನನ್ನು ಕೇಳಿದ್ದೇನೆ. "ಬರಿ. ಕಿವುಡ ಅಂತ ಬರೀಬೇಡ, ಸ್ವಲ್ಪ ಕಮ್ಮಿ ಕೇಳುತ್ತೆ ಅಂತ ಬರಿ" ಎಂದರು. ಹಾಗೆಯೇ ಬರೆದಿದ್ದೇನೆ. ಒಂದು ಕಿವಿ ಮಂದವಾದ ಮನುಷ್ಯ ಬಾಡಿಗೆ ಗಾಡಿ ಓಡಿಸಬಹುದೇ ಎಂದು ಕೇಳುವವರಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಎರಡು ಕಿವಿಯೂ ಚೆನ್ನಾಗಿದ್ದು ಕನ್ನಡಿ ಮಡಚಿಕೊಂಡು, ಫೋನನ್ನು ಹೆಗಲಿಗೆ ಒತ್ತಿಕೊಂಡು ಓಡಿಸುವವರ ಪಕ್ಕದ ಸೀಟಿಗಿಂತ ನಮ್ಮ ಅಬ್ಬಾನ ಪಕ್ಕದ ಸೀಟು ನನಗೆ ಧೈರ್ಯ ಕೊಡುತ್ತದೆ. ಆದರೂ ಕಿವಿಯ ಪರೀಕ್ಷೆ ಆಗಲೇಬೇಕು ಎಂದು ನಾನೂ ಅಮ್ಮಿಯೂ ಆಗಿನಿಂದ ಹಟ ಹಿಡಿದಿದ್ದೇವೆ.

ಕನ್ನಡಿಯ ಹುಡುಕಾಟ ಶನಿವಾರ ಶುರುವಾಯಿತು. ಗಾಜು ಮಾತ್ರ ಒಡೆದಿದ್ದರೆ ಅಳತೆಗೆ ಕತ್ತರಿಸಿ ಅಂಟಿಸಿ ಕೊಡುವವರಿದ್ದಾರೆ. ನಮ್ಮದರಲ್ಲಿ ಬುಡವೇ ಮುರಿದಿತ್ತು, ಪೂರ್ತಿ ಸೆಟ್ ಬೇಕು. ಊರಿನ ಗ್ಯಾರೇಜಿನ ಮೇಸ್ತ್ರಿ ನೋಡಿ, "ಇಂಡಿಕಾದ್ದು ಈಗ ಎಲ್ಲಿ ಸಿಗುತ್ತೆ ಭಾಯ್, ಶಿವಮೊಗ್ಗದಲ್ಲಿ ನೋಡಿ" ಎಂದರು. ಮಂಗಳವಾರ ಅಬ್ಬಾ ಬಸ್ಸು ಹತ್ತಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದರು. ಒಂದು ಅಂಗಡಿಯಲ್ಲಿ ತರಿಸಿಕೊಡುತ್ತೇವೆ, ಹದಿನೈದು ದಿನವಾಗಬಹುದು ಎಂದರು. ಇನ್ನೊಂದು ಅಂಗಡಿಯಲ್ಲಿ ಲೋಕಲ್ ಮಾಲು ಇತ್ತು, 380 ರೂಪಾಯಿ. ಆಗದಿದ್ದರೆ ವಾಪಸ್ ತನ್ನಿ ಎಂದು ಕೊಟ್ಟರು.

ಆ ಸಂಜೆ ಅಂಗಳದಲ್ಲಿ ನಡೆದದ್ದನ್ನು ನಾನು ಪ್ರಯೋಗಾಲಯದ ಯಾವ ಪ್ರಯೋಗಕ್ಕಿಂತಲೂ ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ. ಅಬ್ಬಾ ಡ್ರೈವರ್ ಸೀಟಿನಲ್ಲಿ ಕೂತರು. ತಮ್ಮನಿಗೆ ಹೊಸ ಕನ್ನಡಿಯನ್ನು ಎಡಬಾಗಿಲಿನ ಹತ್ತಿರ ಅದರ ಜಾಗದಲ್ಲೇ ಹಿಡಿದುಕೊಳ್ಳಲು ಹೇಳಿದರು. ನನಗೆ ಗಾಡಿಯ ಹಿಂದೆ ಸ್ವಲ್ಪ ದೂರದಲ್ಲಿ ನಿಂತು ಎಡಕ್ಕೆ ಹೆಜ್ಜೆ ಹಾಕುತ್ತಾ ಹೋಗು ಎಂದರು. ಎರಡನೇ ಹೆಜ್ಜೆಗೇ "ಮಾಯ ಆದೆ" ಎಂದರು. ಆಮೇಲೆ ಬಲಗಡೆಯ ಹಳೆಯ ಕನ್ನಡಿಯಲ್ಲಿ ನೋಡುತ್ತಾ ಬಲಕ್ಕೆ ನಡೆಯಲು ಹೇಳಿದರು. ಒಂದು, ಎರಡು, ಮೂರು, ನಾಲ್ಕು, ಐದು ಹೆಜ್ಜೆ ಹಾಕಿ ಕಾಂಪೌಂಡಿನ ಗೋಡೆ ಮುಟ್ಟಿದರೂ ಕಾಣುತ್ತಿದ್ದೆ. "ಇದು ಮುಖ ನೋಡ್ಕೊಳ್ಳೋ ಕನ್ನಡಿ, ರಸ್ತೆ ನೋಡೋ ಕನ್ನಡಿ ಅಲ್ಲ" ಎಂದು ಹೊಸದನ್ನು ಪೇಪರಿನಲ್ಲಿ ಸುತ್ತಿಟ್ಟರು. ಮರುದಿನ ವಾಪಸ್ ಕೊಟ್ಟು ಬಂದರು. ಅಂಗಡಿಯವರು "ಗ್ಲಾಸ್ ಗ್ಲಾಸೇ ಅಲ್ವಾ" ಎಂದು ಗೊಣಗಿದರಂತೆ.

ಗ್ಲಾಸ್ ಗ್ಲಾಸೇ ಅಲ್ಲ. ವಿಜ್ಞಾನ ವಿಭಾಗದವರಿಗೆ ಇದು ಗೊತ್ತೇ ಇದೆ, ಕಲಾ ಮತ್ತು ವಾಣಿಜ್ಯ ವಿಭಾಗದ ಗೆಳೆಯ ಗೆಳತಿಯರಿಗಾಗಿ ಹೇಳುತ್ತೇನೆ. ಲೋಕಲ್ ಕನ್ನಡಿ ಸಮತಲದ್ದು, ನಮ್ಮ ಮನೆಯ ಬೀರುವಿನಲ್ಲಿರುವಂಥದ್ದು. ಕಾರಿನ ಬದಿಯ ಕನ್ನಡಿ ಪೀನ ದರ್ಪಣ, ಅಂದರೆ ಹೊರಕ್ಕೆ ಸ್ವಲ್ಪ ಉಬ್ಬಿರುತ್ತದೆ. ಉಬ್ಬಿದ್ದರಿಂದ ಅಗಲವಾದ ಜಾಗ ಅದರೊಳಗೆ ಹಿಡಿಸುತ್ತದೆ. ಆದರೆ ಅಷ್ಟು ಜಾಗ ಅಷ್ಟು ಚಿಕ್ಕ ಗಾಜಿನಲ್ಲಿ ಹಿಡಿಸಬೇಕಾದರೆ ಎಲ್ಲವೂ ಚಿಕ್ಕದಾಗಲೇಬೇಕು. ಚಿಕ್ಕದಾಗಿ ಕಂಡದ್ದನ್ನು ನಮ್ಮ ಕಣ್ಣು ದೂರದಲ್ಲಿದೆ ಎಂದುಕೊಳ್ಳುತ್ತದೆ. ಅದಕ್ಕೇ ಎಷ್ಟೋ ಕನ್ನಡಿಗಳ ಕೆಳಗೆ, ಇದರಲ್ಲಿ ಕಾಣುವ ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ನಾನು ಅಬ್ಬಾನಿಗೆ ಅದರ ಅರ್ಥ ಹೇಳಿದಾಗ "ಇದನ್ನ ಬರೆದು ಹೇಳಬೇಕಾ?" ಎಂದರು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವರಿಗೆ ಬೇಡವೇನೋ.

ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರದ ಒಂಬತ್ತನೇ ಅಧ್ಯಾಯದಲ್ಲಿ ಇದರ ಮೇಲೆ ಒಂದು ಲೆಕ್ಕವೇ ಇದೆ. ನಿಂತಿರುವ ಕಾರಿನ ಬದಿಯ ಕನ್ನಡಿಯಲ್ಲಿ ಒಬ್ಬ ಓಡಿ ಬರುವುದು ಕಾಣುತ್ತದೆ, ಕನ್ನಡಿಯ ವಕ್ರತಾ ತ್ರಿಜ್ಯ 2 ಮೀಟರ್, ಅವನ ಬಿಂಬ ಎಷ್ಟು ವೇಗವಾಗಿ ಚಲಿಸುತ್ತದೆ ಎಂಬ ಪ್ರಶ್ನೆ. ಪರೀಕ್ಷೆಗೆ ಬರಬಹುದು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಕನ್ನಡಿ ಮುರಿದ ವಾರ ನಾನು ಅದನ್ನು ಮತ್ತೆ ಕೂತು ಮಾಡಿದೆ. ಓಡುವವನ ಬದಲು ಬೈಕು ಇಟ್ಟುಕೊಂಡೆ. ಬೈಕು 39 ಮೀಟರ್ ದೂರದಲ್ಲಿರುವಾಗ ಅದರ ಬಿಂಬ ಕನ್ನಡಿಯ ಹಿಂದೆ 97.5 ಸೆಂಟಿಮೀಟರ್‌ನಲ್ಲಿರುತ್ತದೆ. 9 ಮೀಟರ್ ದೂರಕ್ಕೆ ಬಂದಾಗ 90 ಸೆಂಟಿಮೀಟರ್‌ನಲ್ಲಿ. ಅಂದರೆ ರಸ್ತೆಯಲ್ಲಿ ಬೈಕು 30 ಮೀಟರ್ ಬಂದಿದೆ, ಕನ್ನಡಿಯೊಳಗೆ ಏಳೂವರೆ ಸೆಂಟಿಮೀಟರ್ ಮಾತ್ರ ಸರಿದಿದೆ. ಅಲ್ಲಿಂದ ಇನ್ನು 5 ಮೀಟರ್ ಹತ್ತಿರ ಬಂದರೆ ಬಿಂಬ ಒಮ್ಮೆಗೇ 10 ಸೆಂಟಿಮೀಟರ್ ಹಾರುತ್ತದೆ. ಬಿಂಬದ ಗಾತ್ರವೂ ಹಾಗೆಯೇ: ಮೊದಲು ನಲವತ್ತನೇ ಒಂದು ಭಾಗ, ಆಮೇಲೆ ಹತ್ತನೇ ಒಂದು, ಕೊನೆಗೆ ಐದನೇ ಒಂದು.

ಗಂಟೆಗೆ 54 ಕಿ.ಮೀ. ವೇಗದ ಬೈಕು ಸೆಕೆಂಡಿಗೆ 15 ಮೀಟರ್ ಓಡುತ್ತದೆ. 39 ಮೀಟರ್‌ನಿಂದ 9 ಮೀಟರ್‌ಗೆ ಬರಲು ಅದಕ್ಕೆ ಬೇಕಾದದ್ದು ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಕನ್ನಡಿ ನೋಡುವವನಿಗೆ ಬೈಕು ಇನ್ನೂ ದೂರ ಇದೆ ಎಂದೇ ಅನ್ನಿಸುತ್ತದೆ. ಅಜ್ಜಿಯ ಕೈ ಬಾಗಿಲಿನ ಹಿಡಿಯ ಮೇಲಿರುತ್ತದೆ. ಲೆಕ್ಕದ ಪುಸ್ತಕದಲ್ಲಿ ಉತ್ತರದ ಕೆಳಗೆ ಗೆರೆ ಎಳೆದ ಮೇಲೆ ನಾನು ಅಬ್ಬಾನನ್ನು ಕೇಳಿದೆ, "ಬೈಕು ಎಷ್ಟು ದೂರ ಇದ್ದಾಗ ಅಜ್ಜಿಗೆ ಇಳೀರಿ ಅಂತೀರಿ?" ಅವರು ಯೋಚನೆಯನ್ನೂ ಮಾಡದೆ, "ಕನ್ನಡೀಲಿ ಬೈಕು ಕಾಣ್ತಿದ್ರೆ ಇಳೀರಿ ಅನ್ನಲ್ಲ" ಎಂದರು.

ನಮ್ಮ ಭೌತಶಾಸ್ತ್ರದ ಉಪನ್ಯಾಸಕರಿಗೆ ಈ ಕಥೆ ಹೇಳಿದಾಗ ಅವರು ಇಬ್ನ್ ಅಲ್-ಹೈಥಮ್ ಹೆಸರು ಹೇಳಿದರು. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ವಿದ್ವಾಂಸರು. ಬೆಳಕಿನ ಬಗ್ಗೆ 'ಕಿತಾಬ್ ಅಲ್-ಮನಾಜಿರ್' ಎಂಬ ಏಳು ಭಾಗಗಳ ಗ್ರಂಥ ಬರೆದವರು. ವಸ್ತುಗಳು ಕಾಣುವುದು ಕಣ್ಣಿನಿಂದ ಕಿರಣ ಹೊರಟು ಹೋಗುವುದರಿಂದಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದ ಎಂದು ಪ್ರಯೋಗಗಳ ಆಧಾರದಿಂದ ವಾದಿಸಿದವರು. ವಿಶ್ವಸಂಸ್ಥೆ 2015ನ್ನು ಬೆಳಕಿನ ಅಂತರರಾಷ್ಟ್ರೀಯ ವರ್ಷ ಎಂದು ಆಚರಿಸಿದಾಗ ಆ ಗ್ರಂಥಕ್ಕೆ ಸಾವಿರ ವರ್ಷ ಎಂದು ಅವರನ್ನು ನೆನೆಯಲಾಯಿತು. ಇಷ್ಟು ನಮಗೆ ಸೀರತ್ ಕಾರ್ಯಕ್ರಮದ ಭಾಷಣಗಳಲ್ಲಿ, ಕ್ವಿಜ್‌ಗಳಲ್ಲಿ ಕೇಳಿ ಗೊತ್ತು. ಗೊತ್ತಿಲ್ಲದ್ದು ಬೇರೆ: ಅವರ ಹೆಸರಿನಲ್ಲಿ ಇಂದಿಗೂ ಒಂದು ಗಣಿತದ ಸಮಸ್ಯೆ ಇದೆ, ಅದು ಉಬ್ಬಿದ ಕನ್ನಡಿಯದೇ. ಕಣ್ಣು ಎಲ್ಲಿದೆ ಎಂದು ಗೊತ್ತು, ವಸ್ತು ಎಲ್ಲಿದೆ ಎಂದು ಗೊತ್ತು. ಗೋಲಾಕಾರದ ಕನ್ನಡಿಯ ಯಾವ ಬಿಂದುವಿನಿಂದ ಬೆಳಕು ಪ್ರತಿಫಲಿಸಿ ಕಣ್ಣಿಗೆ ಬರುತ್ತದೆ? ಸಮತಲ ಕನ್ನಡಿಯಲ್ಲಾದರೆ ಹತ್ತನೇ ತರಗತಿಯ ಮಕ್ಕಳೂ ಹೇಳುತ್ತಾರೆ. ಕನ್ನಡಿ ಉಬ್ಬಿದರೆ ಲೆಕ್ಕ ಬಹಳ ಕಷ್ಟದ್ದಾಗುತ್ತದೆ. ಅವರು ಅದನ್ನು ಅತಿಪರವಲಯದ ಸಹಾಯದಿಂದ ರೇಖಾಗಣಿತದಲ್ಲಿ ಬಿಡಿಸಿದರು. ಕುದುರೆ, ಒಂಟೆಗಳ ಕಾಲದಲ್ಲಿ ಇದು ಯಾರಿಗೆ ಬೇಕಾಗಿತ್ತು ಎಂದು ಕೇಳಿದೆ. "ಅವರಿಗೆ ಬೇಕಾಗಿತ್ತು" ಎಂದು ಉಪನ್ಯಾಸಕರು ನಕ್ಕರು.

ಹುಡುಗಿಯರಿಗಾಗಿ ಇನ್ನೊಂದು ಮಾತು. ಕಾರಿಗೆ ಕನ್ನಡಿ ಕೂರಿಸುವ ರೂಢಿ ಇನ್ನೂ ಬರದಿದ್ದಾಗ, 1909ರಲ್ಲಿ, ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ಕಾರು ಓಟಗಾರ್ತಿ ಹೆಂಗಸರಿಗಾಗಿ ಒಂದು ಪುಸ್ತಕ ಬರೆದು, ಕಾರು ಓಡಿಸುವಾಗ ಹಿಡಿಯಿರುವ ಚಿಕ್ಕ ಕೈಗನ್ನಡಿ ಜೊತೆಯಲ್ಲಿಟ್ಟುಕೊಂಡು ಆಗಾಗ ಎತ್ತಿ ಹಿಡಿದು ಹಿಂದೆ ಏನು ಬರುತ್ತಿದೆ ನೋಡಿ ಎಂದು ಸಲಹೆ ಕೊಟ್ಟಿದ್ದರು. ಇದನ್ನು ಅಮ್ಮಿಗೆ ಹೇಳಿದಾಗ ತಮ್ಮ ಕೈಗನ್ನಡಿ ತಂದು "ಹಾಗಾದರೆ ಇದನ್ನೇ ಹಿಡಕೊಂಡು ನಾನೂ ಬರ್ತೀನಿ, ಗಾಡಿ ತೆಗೀರಿ" ಎಂದರು. ಆ ವಾರದಲ್ಲಿ ಅಬ್ಬಾ ನಕ್ಕದ್ದು ಆಗ ಒಮ್ಮೆಯೇ.

ಎರಡನೇ ಭಾನುವಾರ ನಾನೂ ಅಬ್ಬಾನ ಜೊತೆ ಶಿವಮೊಗ್ಗಕ್ಕೆ ಹೋದೆ. ಯಾರೋ ಒಂದು ಗುಜರಿಯಲ್ಲಿ ಇಂಡಿಕಾ ಬಂದಿದೆ ಎಂದು ಹೇಳಿದ್ದರು. ಗುಜರಿ ಎಂದರೆ ಬರೀ ತುಕ್ಕು ಹಿಡಿದ ರಾಶಿ ಎಂದುಕೊಂಡಿದ್ದೆ. ಅಲ್ಲಿ ಬಾಗಿಲುಗಳನ್ನು ಪುಸ್ತಕದ ಹಾಗೆ ಸಾಲಾಗಿ ನಿಲ್ಲಿಸಿದ್ದರು, ಲೈಟುಗಳನ್ನು ಬುಟ್ಟಿಯಲ್ಲಿ ತುಂಬಿದ್ದರು. ಯಾವ ಗಾಡಿಯದು ಯಾವುದು ಎಂದು ಅಲ್ಲಿನ ಚಾಚಾಗೆ ಮುಟ್ಟಿದರೇ ಗೊತ್ತಾಗುತ್ತದೆ. ಇಂಡಿಕಾದ ಮುಂಭಾಗ ಪೂರ್ತಿ ಜಜ್ಜಿ ಹೋಗಿತ್ತು. ಎಡಬಾಗಿಲು ಮಾತ್ರ ಏನೂ ಆಗದೆ ಉಳಿದಿತ್ತು, ಅದರ ಮೇಲೆ ಕನ್ನಡಿ. ಗಾಡಿಯ ಬಣ್ಣ ನೀಲಿ.

ಅಬ್ಬಾ ಬೆಲೆ ಕೇಳುವ ಮೊದಲು, "ಇದರಲ್ಲಿದ್ದವರಿಗೆ ಏನಾಯ್ತು?" ಎಂದು ಕೇಳಿದರು. ಚಾಚಾ "ಅಲ್ಲಾಹನ ದಯೆ, ಎಲ್ಲರೂ ಉಳಿದರಂತೆ" ಎಂದರು. ನಿಜವೋ, ಗಿರಾಕಿಗೆ ಹೇಳುವ ಮಾತೋ ಗೊತ್ತಿಲ್ಲ. ಅಬ್ಬಾ ತಲೆಯಾಡಿಸಿ ಆಮೇಲೆ ಬೆಲೆಗೆ ಇಳಿದರು. 600 ಹೇಳಿದ್ದು 450ಕ್ಕೆ ನಿಂತಿತು. ಚಾಚಾ ಬಲಗಡೆಗೆ ನಿಂತು ಮಾತಾಡುವ ತನಕ ಅಬ್ಬಾ ಎರಡು ಸಲ "ಏನಂದ್ರಿ?" ಎಂದು ಕೇಳಿದ್ದನ್ನು ನಾನು ಗಮನಿಸಿದೆ. ಮೊದಲಾಗಿದ್ದರೆ ಗಮನಿಸುತ್ತಿರಲಿಲ್ಲ.

ಕನ್ನಡಿ ಕೂರಿಸುವ ಕೆಲಸ ಅರ್ಧ ಗಂಟೆಯದು. ಮೇಸ್ತ್ರಿಯ ಹತ್ತಿರ ಹೋಗುವುದು ಬೇಡ, ನಾವೇ ಮಾಡೋಣ ಎಂದರು ಅಬ್ಬಾ. ಬಾಗಿಲಿನ ಒಳಗಡೆ, ಕಿಟಕಿಯ ಮುಂದಿನ ಮೂಲೆಯಲ್ಲಿ ತ್ರಿಕೋನಾಕಾರದ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ನಿಧಾನವಾಗಿ ಮೀಟಿದರೆ ಟಕ್ ಎಂದು ಬರುತ್ತದೆ. ಅವಸರ ಮಾಡಿದರೆ ಮುಚ್ಚಳದ ಹಿಂದಿನ ಗೂಟ ಮುರಿಯುತ್ತದೆ, ಆಮೇಲೆ ಅದು ದಾರಿಯುದ್ದಕ್ಕೂ ಕಟಕಟ ಎನ್ನುತ್ತದೆ. ಮುಚ್ಚಳದ ಹಿಂದೆ ಮೂರು ಸ್ಕ್ರೂ. ಎರಡು ಸುಲಭವಾಗಿ ಬಂದವು. ಮೂರನೆಯದಕ್ಕೆ ತುಕ್ಕು. ಅದಕ್ಕೆ ಎರಡು ಹನಿ ಸೀಮೆಎಣ್ಣೆ ಬಿಟ್ಟು ಅಸರ್ ನಮಾಜಿಗೆ ಹೋಗಿ ಬಂದರು. ಬರುವಷ್ಟರಲ್ಲಿ ಸಡಿಲವಾಗಿತ್ತು.

ಇದು ಒಬ್ಬರಿಂದ ಆಗುವ ಕೆಲಸವಲ್ಲ ಎಂಬುದು ಆಗ ಗೊತ್ತಾಯಿತು. ಸ್ಕ್ರೂ ಒಳಗಿನಿಂದ, ಕನ್ನಡಿ ಹೊರಗೆ. ಒಬ್ಬರು ಹೊರಗೆ ಹಿಡಿದು ನಿಲ್ಲದಿದ್ದರೆ ಕೊನೆಯ ಸ್ಕ್ರೂ ಬಿಚ್ಚಿದ ಕೂಡಲೇ ಕನ್ನಡಿ ನೆಲಕ್ಕೆ ಬೀಳುತ್ತದೆ. ಹಳೆಯದು ಮುರಿದದ್ದೇ, ಬಿದ್ದರೂ ಚಿಂತೆಯಿಲ್ಲ. ಹೊಸದನ್ನು ನಾನು ಎರಡೂ ಕೈಯಲ್ಲಿ ಬಾಗಿಲಿಗೆ ಒತ್ತಿ ಹಿಡಿದೆ. ಬುಡದಲ್ಲಿ ಒಂದು ರಬ್ಬರ್ ಪಟ್ಟಿ ಇದೆ, ಅದು ಮಡಚಿಕೊಳ್ಳದಂತೆ ಕೂರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ಒಳಗೆ ಇಳಿಯುತ್ತದೆ. ಅಬ್ಬಾ ಮೂರೂ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ, ಆಮೇಲೆ ಒಂದೊಂದನ್ನೂ ಸ್ವಲ್ಪ ಸ್ವಲ್ಪ ಬಿಗಿ ಮಾಡಿದರು. ಒಂದನ್ನೇ ಪೂರ್ತಿ ಬಿಗಿದರೆ ಉಳಿದೆರಡರ ತೂತು ಸರಿ ಕೂರುವುದಿಲ್ಲವಂತೆ. ಒಳಗಿನಿಂದ ಕನ್ನಡಿ ತಿರುಗಿಸುವ ಪುಟ್ಟ ಕಡ್ಡಿಯನ್ನು ಮುಚ್ಚಳದ ತೂತಿನಿಂದ ಹೊರಗೆ ತಂದು ಮುಚ್ಚಳ ಒತ್ತಿದರು. ಟಕ್.

ಕೂರಿಸುವುದಕ್ಕಿಂತ ಹೊಂದಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಮೊದಲು ಸೀಟು ಸರಿ ಮಾಡಿಕೊಂಡು, ದಿನವೂ ಕೂರುವ ಹಾಗೆ ಕೂರಬೇಕು, ಆಮೇಲೆ ಕನ್ನಡಿ. ತಮ್ಮ ಗಾಡಿಯ ಬದಿ ಒಂದು ಎಳೆಯಷ್ಟು ಕಾಣಬೇಕು, ಅದಕ್ಕಿಂತ ಹೆಚ್ಚು ಬೇಡ. "ನಮ್ಮ ಗಾಡಿ ಎಲ್ಲಿದೆ ಅಂತ ನಮಗೆ ಗೊತ್ತಲ್ಲ, ಅದನ್ನೇ ಯಾಕೆ ನೋಡೋದು" ಎಂದರು. ಮತ್ತೆ ನನ್ನನ್ನು ಹಿಂದೆ ನಿಲ್ಲಿಸಿ ಎಡಕ್ಕೆ ನಡೆಸಿದರು. ಒಂದು, ಎರಡು, ಮೂರು, ನಾಲ್ಕು, ಐದು. ಪಕ್ಕದ ಮನೆಯವರ ನಲ್ಲಿಯ ತನಕ ಹೋದೆ. "ಕಾಣ್ತೀಯ, ಕಾಣ್ತೀಯ" ಎನ್ನುತ್ತಲೇ ಇದ್ದರು. ಆಮೇಲೆ ನನ್ನನ್ನು ಸೀಟಿನಲ್ಲಿ ಕೂರಿಸಿ ತಾವು ನಡೆದರು. ನಲ್ಲಿಗಿಂತ ಸ್ವಲ್ಪ ಮೊದಲು, ಬಾಗಿಲಿನ ನೇರಕ್ಕೆ ಬಂದಾಗ ಕನ್ನಡಿಯಿಂದ ಜಾರಿ ಹೋದರು. ಅಷ್ಟು ಜಾಗ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ, ಅಲ್ಲಿಗೆ ಕತ್ತು ತಿರುಗಿಸಲೇಬೇಕು ಎಂದು ತೋರಿಸಲು ಹಾಗೆ ಮಾಡಿದ್ದರು. ಬರುವ ವರ್ಷ ನನಗೆ 18 ತುಂಬುತ್ತದೆ, ಆಗ ಎಲ್‌ಎಲ್ ಮಾಡಿಸಿ ಕೊಡುತ್ತೇನೆ ಎಂದಿದ್ದಾರೆ.

ಬಿಳಿ ಗಾಡಿಗೆ ನೀಲಿ ಕಿವಿ. ಪೇಂಟ್ ಮಾಡಿಸಲು 300 ಎಂದರು, ಅಬ್ಬಾ ಬೇಡ ಎಂದರು. ಈಗ ಸರ್ಕಲ್ಲಿನಲ್ಲಿ "ನೀಲಿ ಕಿವಿ ಗಾಡಿ" ಎಂದರೆ ಎಲ್ಲರಿಗೂ ಗೊತ್ತು.

ಅಮ್ಮಿ ಹೆದರಿದ ಹಾಗೆ ಅಜ್ಜಿ ಬೇರೆಯವರಿಗೆ ಫೋನ್ ಮಾಡಲಿಲ್ಲ. ಎಸಿ ಗಾಡಿಯಲ್ಲಿ ಅವರಿಗೆ ಚಳಿಯಾಯಿತಂತೆ. ಮರುದಿನ ಸೋಮವಾರ ಬೆಳಿಗ್ಗೆ ಗಾಡಿ ಹತ್ತುವಾಗ ಕನ್ನಡಿ ನೋಡಿ, "ಇದೇನು ಸಾಬಣ್ಣ, ಕಿವಿ ಬದಲಾಯಿಸ್ಕೊಂಡ್ ಬಂದೀಯ?" ಎಂದು ಕೇಳಿದರಂತೆ. ಅಬ್ಬಾ ಹೌದೆಂದರಂತೆ. ಆಸ್ಪತ್ರೆಯ ಮುಂದೆ ಇಳಿಯುವಾಗ ಅಜ್ಜಿ, "ನಂಗೆ ಒಳಗೆ ನಾಕು ತಾಸು. ನೀನು ಹೊರಗೆ ಕೂತು ಟೀ ಕುಡಿಯೋದು ಬಿಟ್ಟು ನಿನ್ನ ಕಿವಿ ತೋರಿಸ್ಕೊಂಡ್ ಬಾ" ಎಂದು ಗದರಿಸಿದರಂತೆ. ನಾವು ಯಾರೂ ಅವರಿಗೆ ಹೇಳಿರಲಿಲ್ಲ. ವಾರಕ್ಕೆ ಎರಡು ದಿನ ಎಡಗಡೆ ಕೂತು ಹೋಗುವವರಿಗೆ ಗೊತ್ತಾಗದೆ ಇರುತ್ತದೆಯೇ?

ಮೂರು ವಾರ ಅಬ್ಬಾ ಇವತ್ತು, ನಾಳೆ ಎಂದು ತಳ್ಳಿದರು. ಕಳೆದ ಗುರುವಾರ ಚೀಟಿ ಮಾಡಿಸಿದ್ದಾರೆ. ಪರೀಕ್ಷೆಗೆ ಬರುವ ಸೋಮವಾರ ಹತ್ತೂವರೆಗೆ ಬರಲು ಹೇಳಿದ್ದಾರಂತೆ. ಚೀಟಿಯನ್ನು ಅಮ್ಮಿ ಗಾಡಿಯ ಆರ್‌ಸಿ, ಇನ್ಶೂರೆನ್ಸ್ ಇರುವ ಕವರಿನಲ್ಲೇ ಇಟ್ಟಿದ್ದಾರೆ.